ಠೇವಣಿದಾರರಿಗೆ ವಿಮೆಯ ಆಸರೆ: ಎಚ್.ವಿ.ಆರ್. ಅಯ್ಯಂಗಾರ್

ಬ್ಯಾಂಕ್ ಮುಳುಗಿದರೆ ಠೇವಣಿ ಇಟ್ಟವರ ಗತಿಯೇನು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಠೇವಣಿ ವಿಮೆಯ ಮೂಲಕ ಉತ್ತರ ದೊರೆತದ್ದು 1962ರ ಜನವರಿ 1ರಂದು. ಆಗ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಎಚ್.ವಿ.ಆರ್. ಅಯ್ಯಂಗಾರ್.

ಹರವು ವೆಂಕಟನರಸಿಂಹ ವರದರಾಜ ಅಯ್ಯಂಗಾರ್ ಜನಿಸಿದ್ದು 1902ರ ಆಗಸ್ಟ್ 23ರಂದು. ಅವರ ಹೆಸರಿನ ಮೊದಲಿಗಿರುವ ಹರವು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನ ಊರು. ಐಸಿಎಸ್ ಅಧಿಕಾರಿಯಾಗಿದ್ದ ಅವರು ಸಂವಿಧಾನ ರಚನಾ ಸಭೆಯ ಕಾರ್ಯದರ್ಶಿ, ಪ್ರಧಾನಿ ನೆಹರೂ ಅವರ ಪ್ರಧಾನ ಖಾಸಗಿ ಕಾರ್ಯದರ್ಶಿ, ಕೇಂದ್ರ ಗೃಹ ಕಾರ್ಯದರ್ಶಿ ಹಾಗೂ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. 1957ರ ಮಾರ್ಚ್ 1ರಂದು ರಿಸರ್ವ್ ಬ್ಯಾಂಕಿನ 6ನೇ ಗವರ್ನರ್ ಆದರು.

ಅವರ ನಿಜವಾದ ಪರೀಕ್ಷೆ 1960ರಲ್ಲಿ ಎದುರಾಯಿತು. ಕೇರಳದ ಅತಿ ದೊಡ್ಡ ಬ್ಯಾಂಕ್ ಎನಿಸಿದ್ದ ಪಾಲೈ ಸೆಂಟ್ರಲ್ ಬ್ಯಾಂಕಿನ ಸಾಲಗಳು ಕೆಟ್ಟಿರುವುದು ತಪಾಸಣೆಗಳಲ್ಲಿ ಮೊದಲೇ ಕಂಡುಬಂದಿತ್ತು. ಸುಧಾರಿಸಿಕೊಳ್ಳಲು ವರ್ಷಗಳ ಕಾಲಾವಕಾಶ ಕೊಟ್ಟರೂ ಫಲ ಸಿಗಲಿಲ್ಲ. ಬಾಗಿಲು ಮುಚ್ಚಿಸಿದರೆ ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಬೀಳುತ್ತದೆ, ಬಿಟ್ಟರೆ ಹೊಸದಾಗಿ ಹಣ ಇಡುವವರೂ ಮುಳುಗುತ್ತಾರೆ. ಕೊನೆಗೆ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ಸಮಾಪನೆಗಾಗಿ ಕೇರಳ ಹೈಕೋರ್ಟಿಗೆ ಅರ್ಜಿ ಸಲ್ಲಿಸಿತು. ಗಾಬರಿಗೊಂಡ ಜನ ಇತರ ಬ್ಯಾಂಕುಗಳ ಮುಂದೆಯೂ ಸಾಲುಗಟ್ಟಿದರು. ಆತುರಪಟ್ಟರೆಂದು ಕೆಲವರು, ತಡಮಾಡಿದರೆಂದು ಇನ್ನು ಕೆಲವರು ಟೀಕಿಸಿದರು. ಅದೇ ವರ್ಷ ಲಕ್ಷ್ಮಿ ಬ್ಯಾಂಕ್ ಕೂಡ ಕುಸಿಯಿತು.

ಆ ಕಹಿ ಅನುಭವ ವ್ಯರ್ಥವಾಗಲಿಲ್ಲ. 1960ರಲ್ಲೇ ಕಾನೂನಿಗೆ ತಿದ್ದುಪಡಿಯಾಗಿ, ದುರ್ಬಲ ಬ್ಯಾಂಕನ್ನು ಮುಚ್ಚುವ ಬದಲು ಸದೃಢ ಬ್ಯಾಂಕಿನಲ್ಲಿ ವಿಲೀನಗೊಳಿಸುವ ದಾರಿ ತೆರೆಯಿತು. 1954ರಲ್ಲೇ ಶ್ರಾಫ್ ಸಮಿತಿ ಶಿಫಾರಸು ಮಾಡಿದ್ದರೂ ಮೂಲೆ ಸೇರಿದ್ದ ಠೇವಣಿ ವಿಮೆಗೆ 1961ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಅಮೆರಿಕದ ನಂತರ ಇಂಥ ವ್ಯವಸ್ಥೆ ತಂದ ಎರಡನೇ ದೇಶ ಭಾರತ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 1,500 ರೂಪಾಯಿವರೆಗೆ ರಕ್ಷಣೆ. ವಿಮಾ ಕಂತು ಕಟ್ಟುವ ಹೊಣೆ ಬ್ಯಾಂಕಿನದು, ಗ್ರಾಹಕರದಲ್ಲ. ಆಗಿನ ಕಾಯಿದೆಯಂತೆ ಗವರ್ನರೇ ವಿಮಾ ನಿಗಮದ ಅಧ್ಯಕ್ಷರಾಗಿದ್ದರು. ಅಯ್ಯಂಗಾರ್ ಆ ಹೊಣೆ ಹೊತ್ತದ್ದು ಎರಡೇ ತಿಂಗಳು. 1962ರ ಫೆಬ್ರವರಿ 28ರಂದು ಅವರು ನಿವೃತ್ತರಾದರು. ಅದೇ ವರ್ಷ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1978ರ ಫೆಬ್ರವರಿಯಲ್ಲಿ ನಿಧನರಾದರು.

ಮುಂದೆ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ವಿಸ್ತರಿಸಿತು. ಮಿತಿ 1993ರಲ್ಲಿ 1 ಲಕ್ಷಕ್ಕೆ, 2020ರ ಫೆಬ್ರವರಿಯಲ್ಲಿ 5 ಲಕ್ಷ ರೂಪಾಯಿಗೆ ಏರಿತು. ಸಂಕಟಕ್ಕೆ ಸಿಲುಕಿದ ಬ್ಯಾಂಕಿನ ಖಾತೆದಾರರಿಗೆ 90 ದಿನಗಳಲ್ಲಿ ಈ ಹಣ ಸಿಗಬೇಕೆಂದು 2021ರಲ್ಲಿ ತಿದ್ದುಪಡಿಯಾಯಿತು. ದುಡಿಮೆಗಾಗಿ ಊರು ಬಿಟ್ಟು ಬಂದು, ಮಕ್ಕಳ ಓದಿಗೆ, ಮನೆಗೆ, ಮದುವೆಗೆಂದು ಪೈಸೆ ಪೈಸೆ ಕೂಡಿಡುವ ನಮ್ಮವರು ಹರವು ಮೂಲದ ಈ ಅಧಿಕಾರಿಯನ್ನು ನೆನೆಯಲು ಇದಕ್ಕಿಂತ ಕಾರಣ ಬೇಕಿಲ್ಲ.