ಗೋಪಾಲ ಕೃಷ್ಣ ಗೋಖಲೆ

ಮಕ್ಕಳೇ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ದಾರಿಯಲ್ಲಿ ಕಾಗಲ ಎಂಬ ಊರು ಸಿಗುತ್ತದೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅಲ್ಲಿನ ಶಾಲೆಯಲ್ಲಿ ಗೋಪಾಲನೆಂಬ ಹುಡುಗನು ಓದುತ್ತಿದ್ದನು. ಅವನೇ ಮುಂದೆ ದೇಶದ ನಾಯಕರಾದ ಗೋಪಾಲ ಕೃಷ್ಣ ಗೋಖಲೆಯವರು.

ಗೋಖಲೆಯವರು 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಕಾಗಲದಲ್ಲಿ ನೌಕರಿ ಮಾಡುತ್ತಿದ್ದರು. ಗೋಪಾಲನು ಹದಿಮೂರು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಆಗ ಅಣ್ಣ ಗೋವಿಂದನು ಓದು ಬಿಟ್ಟು, ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿದನು. ಅದರಲ್ಲಿ 8 ರೂಪಾಯಿಗಳನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳಿಸುತ್ತಿದ್ದನು. ಉಳಿದ 7 ರೂಪಾಯಿಗಳಲ್ಲಿ ಮನೆ ನಡೆಯಬೇಕಿತ್ತು. ಅಣ್ಣನು ಕಳಿಸುವ ಹಣದ ಬೆಲೆ ಗೋಪಾಲನಿಗೆ ಗೊತ್ತಿತ್ತು. ಅವನು ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದನು. ದೀಪದ ಎಣ್ಣೆ ಉಳಿಸಲು ಬೀದಿ ದೀಪದ ಬೆಳಕಿನಲ್ಲಿ ಓದುತ್ತಿದ್ದನು.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗೋಖಲೆಯವರು ಬಿ.ಎ. ಪದವಿ ಪಡೆದರು. ಹೆಚ್ಚು ಸಂಬಳದ ಕೆಲಸವನ್ನು ಅವರು ಹುಡುಕಲಿಲ್ಲ. ಪುಣೆಯ ನ್ಯೂ ಇಂಗ್ಲಿಷ್ ಶಾಲೆಯಲ್ಲಿ ಶಿಕ್ಷಕರಾದರು. ಆಮೇಲೆ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ ಕಲಿಸಿದರು. ಅವರು ಬರೆದ ಅಂಕಗಣಿತದ ಪುಸ್ತಕವನ್ನು ಅನೇಕ ಶಾಲೆಗಳ ಮಕ್ಕಳು ಓದಿದರು. ರಜೆ ಬಂದಾಗ ಅವರು ಊರೂರು ತಿರುಗಿ ಕಾಲೇಜಿಗಾಗಿ ದೇಣಿಗೆ ಕೂಡಿಸುತ್ತಿದ್ದರು.

ಕಲಿಸುವವರೂ ಕಲಿಯುತ್ತಲೇ ಇರಬೇಕಲ್ಲವೇ? ಗೋಖಲೆಯವರು ನ್ಯಾಯಮೂರ್ತಿ ರಾನಡೆಯವರನ್ನು ಗುರುಗಳೆಂದು ತಿಳಿದರು. ಸರ್ಕಾರದ ವರದಿಗಳನ್ನು ಓದುವುದು, ಖರ್ಚುವೆಚ್ಚದ ಲೆಕ್ಕ ನೋಡುವುದು, ಜನರ ಪರವಾಗಿ ಮನವಿ ಬರೆಯುವುದು, ಇವೆಲ್ಲವನ್ನೂ ಅವರಿಂದ ಕಲಿತರು. 1902ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಅದೇ ವರ್ಷ ದೇಶದ ಶಾಸನ ಸಭೆಯ ಸದಸ್ಯರಾದರು. ಬಡವರು ತಿನ್ನುವ ಉಪ್ಪಿನ ಮೇಲಿನ ತೆರಿಗೆಯನ್ನು ಇಳಿಸಬೇಕೆಂದು ಲೆಕ್ಕ ಸಮೇತ ವಾದಿಸಿದರು. 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಕಾಶಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ಆ ಕಾಲದಲ್ಲಿ ಬಹಳ ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅದಕ್ಕಾಗಿ 1911ರಲ್ಲಿ ಗೋಖಲೆಯವರು ಶಾಸನ ಸಭೆಯಲ್ಲಿ ಒಂದು ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಗಂಡುಮಕ್ಕಳು ಶಾಲೆಗೆ ಬರಲೇಬೇಕೆಂಬ ನಿಯಮವನ್ನು ಊರಿನ ಆಡಳಿತ ಸಂಸ್ಥೆಗಳು ಮಾಡಬಹುದು, ಮುಂದೆ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಬಹುದು ಎಂಬುದು ಅದರ ಸಾರ. 1912ರಲ್ಲಿ ಮತ ಎಣಿಸಿದಾಗ ಅದರ ಪರವಾಗಿ 13, ವಿರೋಧವಾಗಿ 38 ಮತಗಳು ಬಂದವು. ಮಸೂದೆ ಬಿದ್ದುಹೋಯಿತು. ಆದರೆ ಆ ವಿಚಾರ ಬಿದ್ದುಹೋಗಲಿಲ್ಲ. ಸ್ವತಂತ್ರ ಭಾರತದಲ್ಲಿ 2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ ಬಂತು. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಈಗ ಹಕ್ಕಾಗಿದೆ.

ಗಾಂಧೀಜಿಯವರು ಗೋಖಲೆಯವರನ್ನು ತಮ್ಮ ರಾಜಕೀಯ ಗುರುಗಳೆಂದು ಗೌರವಿಸುತ್ತಿದ್ದರು. 1915ರ ಫೆಬ್ರುವರಿ 19ರಂದು ಗೋಖಲೆಯವರು ಪುಣೆಯಲ್ಲಿ ನಿಧನರಾದರು. ಆಗ ಅವರಿಗೆ ಬರೀ 48 ವರ್ಷ.

ಮಕ್ಕಳೇ, ನೀವು ದಿನವೂ ಶಾಲೆಗೆ ಬರುತ್ತೀರಿ. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಗೆಳೆಯನೋ ಗೆಳತಿಯೋ ಇದ್ದರೆ ನಾಳೆ ಜೊತೆಗೆ ಕರೆದುಕೊಂಡು ಬನ್ನಿರಿ. ಗೋಖಲೆಯವರ ಕೆಲಸವನ್ನು ನೀವೂ ಮುಂದುವರಿಸಿದಂತಾಗುತ್ತದೆ.