ಜಗದ್ಗುರು ಎನಿಸಿದ ಬಾದಶಾಹ: ಎರಡನೆಯ ಇಬ್ರಾಹಿಮ ಆದಿಲಶಾಹನ ಚರಿತ್ರೆ

ವಿಜಾಪುರ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟು, ತೊರವಿ ತಿಕೋಟಾಗಳ ಮೇಲಿಂದ ಅಥಣಿಗೆ ಹೋಗುವ ರಸ್ತೆಯನ್ನು ಅರಿಯದವರು ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿ ಬಹಳ ಮಂದಿ ಇರಲಾರರು. 2014ರಲ್ಲಿ ಪಟ್ಟಣಕ್ಕೆ ವಿಜಯಪುರವೆಂಬ ಹೆಸರು ಸರಕಾರದಿಂದ ಬಂದಿತಾದರೂ ಹಿರಿಯರ ಬಾಯಲ್ಲಿ ಅದು ಇನ್ನೂ ವಿಜಾಪುರವೇ. ನಾವೂ ಇಲ್ಲಿ ಆ ಹಳೆಯ ಹೆಸರನ್ನೇ ಬಳಸುವೆವು. 2003ರಲ್ಲಿ ಸ್ಥಾಪಿತವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಧರಿಸಿದ ಮಹಿಳಾ ವಿಶ್ವವಿದ್ಯಾಲಯವು ಈ ರಸ್ತೆಯ ಮಗ್ಗುಲಲ್ಲಿ ತೊರವಿಯ ಹತ್ತಿರವೇ ಇರುವುದರಿಂದ, ಉಚ್ಚ ಶಿಕ್ಷಣವನ್ನು ಬಯಸುವ ಕನ್ಯೆಯರು ದಿನಾಲು ಈ ದಾರಿಯಲ್ಲಿ ಓಡಾಡುವರು. ಅವರ ಬಸ್ಸಿನ ಕಿಟಕಿಯಿಂದ ಅತ್ತಿತ್ತ ಕಾಣುವ ಮುರಿದ ಕಮಾನುಗಳೂ ಗೋಡೆಯ ತುಂಡುಗಳೂ ಒಬ್ಬ ಅರಸನ ಮನಸ್ಸಿನಲ್ಲಿ ಹುಟ್ಟಿ, ಇಪ್ಪತ್ತೈದು ವರುಷ ಬಾಳಿ, ಅಳಿದುಹೋದ ಒಂದು ಪಟ್ಟಣದವು. ಆ ಅರಸನ ಚರಿತ್ರೆಯನ್ನು ಈ ಪುಟಗಳಲ್ಲಿ ಹೇಳಬೇಕೆಂದಿರುವೆವು. ಅರಸನು ಸಂಗೀತಕ್ಕೂ ಚಿತ್ರಕ್ಕೂ ಕಟ್ಟಡಕ್ಕೂ ಮಾಡುವ ವೆಚ್ಚವು ಪ್ರಜೆಗಳ ಹೊಟ್ಟೆಗೆ ಅನ್ನವಾಗುವುದೋ, ಇಲ್ಲವೆ ಅವರ ಅನ್ನವನ್ನೇ ತಿನ್ನುವುದೋ ಎಂಬ ಪ್ರಶ್ನೆಯನ್ನು ವಿಚಾರಿಸಲು ಆತನ ಆಳಿಕೆಗಿಂತ ಒಳ್ಳೆಯ ಉದಾಹರಣೆಯು ನಮ್ಮ ಸೀಮೆಯಲ್ಲಿ ದೊರೆಯದು.

1580ರಲ್ಲಿ ಅಲಿ ಆದಿಲಶಾಹನು ಕೊಲೆಯಾದಾಗ ಆತನಿಗೆ ಗಂಡು ಸಂತಾನವಿರಲಿಲ್ಲ. ತಮ್ಮನಾದ ತಹಮಾಸ್ಪನ ಮಗ ಇಬ್ರಾಹಿಮನನ್ನು, ಸುಮಾರು ಒಂಬತ್ತು ವರುಷದ ಬಾಲಕನನ್ನು, ಪಟ್ಟಕ್ಕೆ ಕೂಡ್ರಿಸಿದರು. ಬಾಲಕನ ರಕ್ಷಣೆಯೂ ಶಿಕ್ಷಣವೂ ಅಲಿಯ ವಿಧವೆಯಾದ ಚಾಂದಬೀಬಿಯ ಪಾಲಿಗೆ ಬಂದವು. ಆಕೆಯ ಹೆಸರನ್ನು ಕೇಳದ ಶಾಲೆಯ ಹುಡುಗಿ ಇರಲಾರಳು. ಆದರೆ ಅಹಮದನಗರದ ಕೋಟೆಯ ಮೇಲೆ ನಿಂತು ಮೊಗಲರ ದಂಡನ್ನು ತಡೆದ ವೀರಳೆಂದೇ ಆಕೆಯನ್ನು ನಾವು ಬಲ್ಲೆವು. ಅದಕ್ಕಿಂತ ಹದಿನೈದು ವರುಷ ಮೊದಲೇ ವಿಜಾಪುರದಲ್ಲಿ ಒಬ್ಬ ಅನಾಥ ಬಾಲರಾಜನನ್ನು ಸಾಕಿ ಬೆಳೆಯಿಸಿದ ತಾಯಿಯೆಂದು ನೆನೆಯುವವರು ಕಡಿಮೆ. ಮಂತ್ರಿಗಳು ಒಬ್ಬರಾದ ಮೇಲೊಬ್ಬರು ಅಧಿಕಾರಕ್ಕಾಗಿ ಹೊಡೆದಾಡಿದರು. ಕಿಶ್ವರಖಾನನೆಂಬವನು ಆಕೆಯನ್ನು ಹಿಡಿದು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ದಂಡಿನ ಹಬಶಿ ಸರದಾರರು ಅವನನ್ನು ಓಡಿಸಿದ ತರುವಾಯ ಆಕೆ ಮರಳಿ ಬಂದಳು. ಇಷ್ಟೆಲ್ಲ ಗದ್ದಲದ ನಡುವೆಯೂ ಹುಡುಗನ ಓದು, ಬರಹ, ಸಂಗೀತಗಳು ನಿಲ್ಲಲಿಲ್ಲವೆಂಬುದು ನಮಗೆ ಸೋಜಿಗವಾಗಿ ತೋರುವುದು. 1584ರಲ್ಲಿ ಇಬ್ರಾಹಿಮನ ತಂಗಿಯ ಲಗ್ನದ ನಿಮಿತ್ತವಾಗಿ ಆಕೆ ತನ್ನ ತವರಾದ ಅಹಮದನಗರಕ್ಕೆ ಹೋದಳು. 1600ರಲ್ಲಿ ಅಲ್ಲಿಯೇ ತನ್ನವರ ಕೈಯಿಂದ ಮಡಿದಳು.

ದಿಲಾವರಖಾನನೆಂಬ ಮಂತ್ರಿಯು ಎಂಟು ವರುಷಗಳ ಕಾಲ ರಾಜ್ಯವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದನು. 1590ರಲ್ಲಿ ತರುಣ ಅರಸನು ಅವನನ್ನು ತಳ್ಳಿ ಅಧಿಕಾರವನ್ನು ತಾನೇ ವಹಿಸಿದನು. ಮುಂದೆ ಆ ಮಂತ್ರಿಯು ಮರಳಿ ಬಂದಾಗ ಅವನ ಕಣ್ಣುಗಳನ್ನು ಕೀಳಿಸಿದನು. ಬೆಳಗಾವಿಯಲ್ಲಿದ್ದ ಸ್ವಂತ ತಮ್ಮ ಇಸ್ಮಾಯಿಲನು ದಂಗೆಯೆದ್ದಾಗ ಅವನ ಪ್ರಾಣವನ್ನೂ ಉಳಿಸಲಿಲ್ಲ. ಕಲಾರಸಿಕನೆಂದು ಹೊಗಳುವವರು ಈ ಸಂಗತಿಗಳನ್ನು ಬಿಟ್ಟುಬಿಡುವುದುಂಟು, ನಾವು ಬಿಡಲಾರೆವು. ಆ ಕಾಲದ ಅರಮನೆಗಳಲ್ಲಿ ವೀಣೆಯೂ ಕತ್ತಿಯೂ ಒಂದೇ ಗೋಡೆಗೆ ತೂಗುತ್ತಿದ್ದವು.

ಈ ಅರಸನ ಅತಿಶಯವಾದ ಗುಣವೆಂದರೆ ಸಂಗೀತಪ್ರೇಮ. ಆತನು ತಾನೇ ಹಾಡುವನು, ಬಾರಿಸುವನು, ಹಾಡು ಕಟ್ಟುವನು. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಅದನ್ನು ಜೀವವುಳ್ಳ ಗೆಳೆಯನಂತೆ ಕಾಣುತ್ತಿದ್ದನು. ಆತನು ರಚಿಸಿದ ಕಿತಾಬ್-ಇ-ನವರಸವೆಂಬ ಗ್ರಂಥದಲ್ಲಿ 59 ಹಾಡುಗಳೂ 17 ದೋಹೆಗಳೂ ಉಂಟು. ಹಾಡುಗಳನ್ನೆಲ್ಲ ರಾಗಗಳಿಗೆ ಅನುಸಾರವಾಗಿ ಜೋಡಿಸಿರುವನು. ಭಾಷೆಯು ದಖನಿ. ಅದರಲ್ಲಿ ಸರಸ್ವತಿ ಗಣಪತಿಯರ ಸ್ತುತಿಯೂ ಕಲಬುರ್ಗಿಯ ಬಂದೇನವಾಜರ ಸ್ತುತಿಯೂ ಜೊತೆಯಾಗಿ ಬರುವವು. ಪಾರಸಿಯಲ್ಲಿ ಪ್ರಸಿದ್ಧನಾದ ಕವಿ ಜುಹೂರಿಯು ಇದಕ್ಕೆ ಮುನ್ನುಡಿ ಬರೆದನು. ಪ್ರಜೆಗಳು ಅರಸನನ್ನು ಜಗದ್ಗುರುವೆಂದು ಕರೆದರು. ಆತನ ತಾಮ್ರದ ನಾಣ್ಯಗಳ ಮೇಲೆ ಅಬಲಾಬಲಿ ಎಂಬ ಬಿರುದು ಅಚ್ಚಾಗಿದೆ. ಬಲವಿಲ್ಲದವರಿಗೆ ಬಲವಾದವನು ಎಂಬುದು ಅದರ ಭಾವ. ಪೇಟೆಯಲ್ಲಿ ಕಾಯಿಪಲ್ಯ ಕೊಳ್ಳುವ ಬಡವಳ ಕೈಯಲ್ಲಿ ಓಡಾಡುವುದು ಚಿನ್ನದ ಹೊನ್ನಲ್ಲ, ತಾಮ್ರದ ಕಾಸು. ಅದರ ಮೇಲೆಯೇ ಈ ಮಾತನ್ನು ಅಚ್ಚುಹಾಕಿಸಿದ್ದು ನಮಗೆ ಬಹಳ ಹಿಡಿಸುವುದು.

ಆತನ ಅಜ್ಜನಾದ ಮೊದಲನೆಯ ಇಬ್ರಾಹಿಮನ ಕಾಲದಲ್ಲಿಯೇ ಸರಕಾರದ ಜಮಾಖರ್ಚಿನ ಲೆಕ್ಕವು ಪಾರಸಿಯನ್ನು ಬಿಟ್ಟು ದೇಶಭಾಷೆಗೆ ತಿರುಗಿ, ಲೆಕ್ಕ ಬರೆಯುವ ಬ್ರಾಹ್ಮಣರು ಕಚೇರಿಗಳನ್ನು ಸೇರಿದ್ದರು. ಮೊಮ್ಮಗನೂ ಇದೇ ಜಾಡನ್ನು ಹಿಡಿದನು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಂದ ಅಸದ್ ಬೇಗನು, ಈ ಸುಲ್ತಾನನು ಮರಾಠಿಯನ್ನು ಸರಾಗವಾಗಿಯೂ ಪಾರಸಿಯನ್ನು ತಡವರಿಸುತ್ತಲೂ ಆಡುವನೆಂದು ಬರೆದಿಟ್ಟಿದ್ದಾನೆ. ದೂತನು ಇದನ್ನು ಕೊರತೆಯೆಂದು ಎಣಿಸಿರಬಹುದು. ಸಾರೆಯ ಲೆಕ್ಕವನ್ನು ಕೇಳಿಯೇ ತಿಳಿಯಬಲ್ಲ ಅರಸನನ್ನು ಮಧ್ಯಸ್ಥರು ಮೋಸಗೊಳಿಸುವುದು ಅಷ್ಟು ಸುಲಭವಲ್ಲವೆಂದು ನಮ್ಮ ಎಣಿಕೆ.

ಇನ್ನು ನವರಸಪುರದ ಮಾತು. 1599ರಲ್ಲಿ, ವಿಜಾಪುರಕ್ಕೆ ಪಶ್ಚಿಮದಲ್ಲಿರುವ ತೊರವಿಯ ಬಳಿಯಲ್ಲಿ, ಕೇವಲ ಕಲೆಗಳಿಗಾಗಿ ಒಂದು ಹೊಸ ಪಟ್ಟಣವನ್ನು ಕಟ್ಟಬೇಕೆಂದು ಇಬ್ರಾಹಿಮನು ಸಂಕಲ್ಪಿಸಿದನು. ಆ ಸ್ಥಳವು ಮೊದಲೇ ಸರಸ್ವತಿಯ ಕೃಪೆಗೆ ಪಾತ್ರವಾದುದು; ಕನ್ನಡದಲ್ಲಿ ತೊರವೆಯ ರಾಮಾಯಣವನ್ನು ಹಾಡಿದ ಕುಮಾರವಾಲ್ಮೀಕಿಯು ತನ್ನ ಕಾವ್ಯವನ್ನು ಅರ್ಪಿಸಿದ್ದು ಈ ಊರಿನ ನರಸಿಂಹನಿಗೆ. ನಾಡಿನ ನಾನಾ ಕಡೆಗಳಿಂದ ಇಪ್ಪತ್ತು ಸಾವಿರ ಗವಂಡಿಗಳೂ ಕಲ್ಲುಕುಟಿಗರೂ ಬಡಿಗರೂ ಕೆಲಸಕ್ಕೆ ಕೂಡಿದರೆಂದು ಚರಿತ್ರಕಾರರು ಹೇಳುವರು. ಸರದಾರರಿಗೂ ಸಾವುಕಾರರಿಗೂ ಅಲ್ಲಿ ಮನೆ ಕಟ್ಟಿಕೊಳ್ಳುವಂತೆ ಆಜ್ಞೆಯಾಯಿತು. ಅಂಗಡಿಗಳ ಸಾಲು, ಉದ್ಯಾನಗಳು, ಅರಮನೆ, ಅವುಗಳ ಮಧ್ಯದಲ್ಲಿ ಸಂಗೀತ ಮಹಲು ಎದ್ದವು. ನವರಸವೆಂಬ ಮಾತಿನ ಮೇಲೆ ಅರಸನಿಗೆ ಎಷ್ಟು ಮೋಹವೆಂದರೆ, ಪಟ್ಟಣಕ್ಕೂ ಪುಸ್ತಕಕ್ಕೂ ಹಬ್ಬಕ್ಕೂ ಅರಮನೆಗೂ ಅದೊಂದೇ ಹೆಸರು. ಹೆಸರಿಡುವವರಿಗೆ ಕೆಲಸವೇ ಇರಲಿಲ್ಲವೆನ್ನಬೇಕು!

ಈ ಆಸ್ಥಾನಕ್ಕೆ ದೂರದೂರದ ಜಾಣರು ಬಂದು ಸೇರಿದರು. ದಕ್ಷಿಣದ ಇತಿಹಾಸಕ್ಕೆ ಆಧಾರವಾದ ಗ್ರಂಥವನ್ನು ಫಿರಿಸ್ತಾ ಎಂಬವನು ಇಲ್ಲಿದ್ದೇ ಬರೆದನು. ಫರ್ರೂಖ್ ಬೇಗನೆಂಬ ಚಿತ್ರಗಾರನು ಇಲ್ಲಿ ಕುಂಚ ಹಿಡಿದನು. ಹಾಲೆಂಡಿನ ಹಾರ್ಲೆಮ್ ಪಟ್ಟಣದಿಂದ ಹೊರಟ ಕಾರ್ನೆಲಿಸ್ ಹೇಡಾ ಎಂಬ ಚಿತ್ರಗಾರನೂ ಇಲ್ಲಿಯ ಸೇವೆಗೆ ನಿಂತನು. ಒಬ್ಬ ಚಿತ್ರಗಾರನು ಬಂದರೆ ಅವನ ಬೆನ್ನ ಹಿಂದೆ ಕಾಗದ ಮಾಡುವವನಿಗೂ ಬಣ್ಣ ಅರೆಯುವವನಿಗೂ ಬಂಗಾರದ ತಗಡು ಬಡಿಯುವವನಿಗೂ ರಟ್ಟು ಕಟ್ಟುವವನಿಗೂ ಕೆಲಸ ಹುಟ್ಟುವುದು. ಹಾಡುವವನು ಬಂದರೆ ತಂಬೂರಿಯ ಬುರುಡೆ ಕೊರೆಯುವವನು ಬದುಕುವನು. ಒಂದು ಕಲೆಯು ಹತ್ತು ಕಸಬುಗಳನ್ನು ಸಾಕುವ ಬಗೆ ಇದು. ಪಟ್ಟಣದ ಪೇಟೆಯೇ ಇದಕ್ಕೆ ಸಾಕ್ಷಿ. ಮೇಲೆ ಹೇಳಿದ ಅಸದ್ ಬೇಗನು ವಿಜಾಪುರದ ದೊಡ್ಡ ಪೇಟೆಯು ಸುಮಾರು 30 ಗಜ ಅಗಲವಾಗಿಯೂ ಎರಡು ಹರದಾರಿಯಷ್ಟು ಉದ್ದವಾಗಿಯೂ ಇದ್ದಿತೆಂದೂ, ಅಂಗಡಿಗಳ ಮುಂದೆ ಹಸಿರು ಮರಗಳಿದ್ದವೆಂದೂ, ರತ್ನ ಜವಳಿ ಆಯುಧಗಳಿಂದ ಹಿಡಿದು ರೊಟ್ಟಿ ಮೀನುಗಳವರೆಗೆ ಸಾಲುಸಾಲಾಗಿ ಮಾರುತ್ತಿದ್ದರೆಂದೂ ಬೆರಗಾಗಿ ಬರೆದಿದ್ದಾನೆ. ಅವನು ಹಿಂದಿರುಗುವಾಗ ಇಲ್ಲಿಯ ಪೇಟೆಯಿಂದ ತಂಬಾಕನ್ನೂ ಕೊಂಡೊಯ್ದು ಅಕ್ಬರನ ಆಸ್ಥಾನಕ್ಕೆ ಅದರ ಪರಿಚಯ ಮಾಡಿಕೊಟ್ಟನು. ಈ ಉಪಕಾರಕ್ಕಾಗಿ ನಮ್ಮ ಪಟ್ಟಣವು ಹೆಮ್ಮೆಪಡಬೇಕೋ ಎಂಬುದನ್ನು ತಾಯಂದಿರೇ ನಿರ್ಣಯಿಸಲಿ.

ಆದರೆ ಪೇಟೆಗೂ ಅರಮನೆಗೂ ಮೊದಲು ನೀರು ಬೇಕು. ನಮ್ಮದು ಮಳೆ ಕಡಿಮೆಯಾದ, ಕರಿಗಲ್ಲಿನ ಸೀಮೆ. ಅಲಿ ಆದಿಲಶಾಹನ ಕಾಲದಲ್ಲಿ ತೊರವಿಯ ಕಣಿವೆಯ ನೀರನ್ನು ನೆಲದೊಳಗೆ ಕೊರೆದ ಸುರಂಗದ ಮೂಲಕ ಪಟ್ಟಣಕ್ಕೆ ತರುವ ಕೆಲಸವು ಆಗಿತ್ತು. ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂತೆ ಕಂಡಿಗಳನ್ನು ಇಳಿಸಿ, ಗಾಳಿ ಬೆಳಕು ಹೋಗುವಂತೆಯೂ ಹೂಳು ತೆಗೆಯಲು ಆಳು ಇಳಿಯುವಂತೆಯೂ ಮಾಡಿದ್ದರು. ನೀರು ಬಿಸಿಲಿಗೆ ಆರದೆ, ಏತ ಕಪಿಲೆಗಳ ಹಂಗಿಲ್ಲದೆ, ನೆಲದ ಇಳಿಜಾರನ್ನೇ ನಂಬಿ ಹರಿಯುವುದು. ನವರಸಪುರವನ್ನು ತೊರವಿಯಲ್ಲಿ ಕಟ್ಟಿದ ಅರಸನಿಗೆ ಈ ನೀರಿನ ಅರಿವು ಇದ್ದೇ ಇರಬೇಕು. ಆತನ ಆಳಿಕೆಯಲ್ಲಿ, 1620ರಲ್ಲಿ, ರಾಣಿ ತಾಜ ಸುಲ್ತಾನಳ ಹೆಸರಿನಿಂದ ಮಲಿಕ್ ಸಂದಲನು ಪಟ್ಟಣದ ಪಶ್ಚಿಮ ಭಾಗದಲ್ಲಿ ತಾಜ ಬಾವಡಿಯನ್ನು ಕಟ್ಟಿಸಿದನು. ಎರಡು ಎಂಟುಮೂಲೆಯ ಬುರುಜುಗಳ ನಡುವೆ ದೊಡ್ಡ ಕಮಾನು. ಅದರ ಒಳಗೆ ಇಳಿದರೆ ಒಂದೊಂದು ಬದಿಗೂ 200 ಅಡಿಗೆ ಮೀರಿದ ಚೌಕವಾದ ಕೊಳ. ಮಗ್ಗುಲಲ್ಲಿ ದಾರಿಹೋಕರು ತಂಗುವ ಕೋಣೆಗಳು. ಚಾಂದಬೀಬಿಯ ಹೆಸರಿನ ಚಾಂದ ಬಾವಡಿಯು ಇದಕ್ಕಿಂತ ನಲವತ್ತು ವರುಷ ಹಿಂದಿನದು. ನೀರಿಗೆ ಬಂದ ಹೆಂಗಸು ಕೊಡ ಹೊತ್ತು ಮೆಟ್ಟಿಲೇರುವಾಗ ಕಣ್ಣಿಗೆ ಚೆಂದವಾದುದೊಂದು ಬೀಳಲೆಂದು ಕಮಾನಿಗೆ ಅಷ್ಟು ಅಂದ ಕೊಟ್ಟವರನ್ನು ದುಂದುಗಾರರೆನ್ನಲು ನಮ್ಮ ನಾಲಿಗೆ ಏಳದು.

ಹೀಗಿದ್ದರೂ ಒಂದು ಮಾತನ್ನು ಮುಚ್ಚಿಡಲಾಗದು. ಈ ಎಲ್ಲ ವೈಭವದ ಹಣವು ಡೋಣಿ, ಭೀಮಾ, ಕೃಷ್ಣಾ ನದಿಗಳ ದಂಡೆಯ ಕರಿನೆಲದಲ್ಲಿ ಜೋಳ ಬೆಳೆಯುವ ರಯತನ ಸಾರೆಯಿಂದ ಬಂದುದು. ಪೇಟೆಯ ಕಸಬಿನವನಿಗೆ ಅರಮನೆಯಿಂದ ತಿರುಗಿ ಕೂಲಿ ದೊರೆಯಿತು. ಬಾವಡಿಯ ನೀರು ಪಟ್ಟಣದವನಿಗೆ ದೊರೆಯಿತು. ಹಳ್ಳಿಯ ರಯತನಿಗೆ ಬಂದುದೆಷ್ಟು? ನವರಸಪುರವಂತೂ ತಾನಾಗಿ ಬೆಳೆದ ಊರಲ್ಲ. ಸಾವುಕಾರನು ಅಲ್ಲಿ ಮನೆ ಕಟ್ಟಿದ್ದು ವ್ಯಾಪಾರ ಕರೆದುದರಿಂದಲ್ಲ, ಅರಸನು ಕರೆದುದರಿಂದ. ರಾಜಧಾನಿಯನ್ನು ವಿಜಾಪುರದಿಂದ ಕದಲಿಸಿದರೆ ಕೇಡಾಗುವುದೆಂದು ಜೋಯಿಸರು ನುಡಿದುದರಿಂದ ಕೆಲಸವು ನಿಂತಿತೆಂಬ ಹೇಳಿಕೆಯುಂಟು. ಕಾರಣವು ಏನೇ ಇರಲಿ, ಪಟ್ಟಣವನ್ನು ಸುತ್ತಬೇಕಾದ ಕೋಟೆಯ ಗೋಡೆಯು ಪೂರ್ತಿಯಾಗಲೇ ಇಲ್ಲ.

ಗೋಡೆ ಪೂರ್ತಿಯಾಗದ ಫಲವು 1624ರಲ್ಲಿ ತಿಳಿಯಿತು. ಮೊಗಲರೊಂದಿಗೆ ಕೂಡಿದ ವಿಜಾಪುರದ ದಂಡನ್ನು ಅಹಮದನಗರದ ಹತ್ತಿರ ಭಾತವಡಿಯಲ್ಲಿ ಮಲಿಕ್ ಅಂಬರನು ಮುರಿದನು; ಬಳಿಕ ಇತ್ತ ತಿರುಗಿ, ಬಯಲಲ್ಲಿ ನಿಂತಿದ್ದ ನವರಸಪುರವನ್ನು ಸೂರೆಮಾಡಿದನು. ಗಟ್ಟಿಯಾದ ಕೋಟೆಯ ಒಳಗಿದ್ದ ಹಳೆಯ ವಿಜಾಪುರವು ಉಳಿಯಿತು. 1619ರಲ್ಲಿ ಬೀದರವನ್ನು ಗೆದ್ದು ರಾಜ್ಯವನ್ನು ಹಿಗ್ಗಿಸಿದ ಅರಸನು, ತನ್ನ ಮನಸ್ಸಿನ ಪಟ್ಟಣವು ಹಾಳಾದುದನ್ನು ಮುಪ್ಪಿನ ಹೊಸ್ತಿಲಲ್ಲಿ ನಿಂತು ಕಾಣಬೇಕಾಯಿತು. ಓಡಿದ ವರ್ತಕರು ಮರಳಿ ಅಲ್ಲಿಗೆ ಬರಲಿಲ್ಲ.

ಆ ಹೊತ್ತಿಗೆ ಪಟ್ಟಣದ ಪಶ್ಚಿಮದ ಗೋಡೆಯ ಹೊರಗೆ ಬೇರೊಂದು ಕೆಲಸವು ನಡೆದಿತ್ತು. ರಾಣಿ ತಾಜ ಸುಲ್ತಾನಳಿಗೆಂದು ಮೊದಲಾದ ಗೋರಿಯದು. ಇಂದು ಇಬ್ರಾಹಿಮ ರೋಜಾ ಎಂದು ಹೆಸರಾಗಿರುವುದು. ಇದರ ಶಿಲ್ಪಿಯೂ ಮಲಿಕ್ ಸಂದಲನೇ. 1626ರಲ್ಲಿ ಕೆಲಸ ಮುಗಿದುದನ್ನೂ ಒಂದೂವರೆ ಲಕ್ಷ ಹೊನ್ನಿಗೆ ಮಿಕ್ಕಿ ವೆಚ್ಚವಾದುದನ್ನೂ ಅಲ್ಲಿಯ ಕಲ್ಲಿನ ಬರಹಗಳೇ ಹೇಳುವವು. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೊರೆಯಿಸಿದ್ದು ಮೆಚ್ಚಬೇಕಾದ ಸಂಗತಿ. ಕಿಟಕಿಗಳಿಗೆ ಕಂಬಿಯ ಬದಲಾಗಿ ಕೊರೆದ ಅಕ್ಷರಗಳೇ ಜಾಲವಾಗಿ ನಿಂತು ಬೆಳಕನ್ನು ಒಳಗೆ ಬಿಡುವವು. ಗೋರಿಯ ಕೋಣೆಯ ಮಾಳಿಗೆಯು ಸುಮಾರು 40 ಅಡಿ ಚೌಕವಾಗಿ, ನಡುವೆ ಕಂಬವಿಲ್ಲದೆ, ಚಪ್ಪಟೆಯಾದ ಕಲ್ಲುಗಳಿಂದ ಕೂಡಿದ್ದು, ಗಚ್ಚಿನ ಬಲದಿಂದ ನಿಂತಿರುವ ಬಗೆಯನ್ನು ಕಂಡು ಇಂದಿನ ಇಂಜಿನಿಯರರೂ ತಲೆದೂಗುವರು. ಪಟ್ಟಣಕ್ಕೆ ಬಂದ ನೆಂಟರನ್ನು ನಾವೆಲ್ಲರೂ ಮೊದಲು ಗೋಳಗುಮ್ಮಟಕ್ಕೆ ಕರೆದೊಯ್ಯುವೆವು. ಅದು ಇಬ್ರಾಹಿಮನ ಮಗ ಮಹಮ್ಮದನ ಗೋರಿ, ಗಾತ್ರದಲ್ಲಿ ಹಿರಿದು. ಕೈಗೆಲಸದಲ್ಲಿ ತಂದೆಯದೇ ಮೇಲು. 1627ರಲ್ಲಿ ಇಬ್ರಾಹಿಮನು ತೀರಿಕೊಂಡಾಗ ರಾಣಿಗೆಂದು ಕಟ್ಟಿದ ಈ ಮನೆಯಲ್ಲಿಯೇ ಆತನನ್ನೂ ಇಟ್ಟರು. ಮಗಳು ಜೊಹರಾ ಸುಲ್ತಾನಳೂ ತಾಯಿ ಹಾಜಿ ಬಡಿ ಸಾಹಿಬಳೂ ಅಲ್ಲಿಯೇ ಇರುವರು.

1686ರಲ್ಲಿ ಔರಂಗಜೇಬನು ವಿಜಾಪುರವನ್ನು ತೆಗೆದುಕೊಂಡ ಮೇಲೆ ಕಸಬಿನವರು ಚದರಿದರು, ಪೇಟೆಗಳು ಬರಿದಾದವು. 1885ರಲ್ಲಿ ಜಿಲ್ಲೆಯ ಕಚೇರಿಯು ಕಲಾದಗಿಯಿಂದ ಇಲ್ಲಿಗೆ ಬಂದ ತರುವಾಯವೇ ಪಟ್ಟಣವು ಮತ್ತೆ ಉಸಿರಾಡಿದುದು. ಆಗ ಹಳೆಯ ಮಹಲುಗಳಲ್ಲಿ ಸರಕಾರದ ಕಚೇರಿಗಳು ಕುಳಿತವು. ತೊರವಿಯ ಸುರಂಗ ಬಾವಡಿಯು ಸೇರಿದ ದಖನಿನ ಪ್ರಾಚೀನ ಜಲಮಾರ್ಗಗಳನ್ನು ಜಗತ್ತಿನ ಸ್ಮಾರಕಗಳ ರಕ್ಷಣೆಗಾಗಿ ದುಡಿಯುವ ಒಂದು ಸಂಸ್ಥೆಯು 2020ರ ತನ್ನ ಪಟ್ಟಿಯಲ್ಲಿ ಸೇರಿಸಿತು. ತಾಜ ಬಾವಡಿಯ ಹೂಳನ್ನೂ ಇತ್ತೀಚಿನ ವರುಷಗಳಲ್ಲಿ ತೆಗೆಯಿಸಿದರು. ಸೆಲೆಗಳು ಬತ್ತಿರಲಿಲ್ಲ, ನೀರು ಮತ್ತೆ ಮೇಲಕ್ಕೆ ಬಂದಿತು. ಸಂಗೀತ ಮಹಲಿನ ದೊಡ್ಡ ಕಮಾನಾದರೋ ಮಾಳಿಗೆಯಿಲ್ಲದೆ ತೊರವಿಯ ಬಯಲಲ್ಲಿ ನಿಂತಿದೆ. ಅಥಣಿಯ ಬಸ್ಸನ್ನು ತೊರವಿಯಲ್ಲಿ ಇಳಿದು ಕೇಳಿದರೆ, ಅದರ ದಾರಿಯನ್ನು ಊರಿನ ಮಕ್ಕಳೇ ತೋರಿಸುವರು.