ಬಿ.ಎಲ್. ರೈಸ್: ಶಾಸನ ಸಂಶೋಧನೆ ಮತ್ತು ರಾಜ್ಯಾಶ್ರಯದ ಸ್ವರೂಪ

ಸಂಶೋಧನಾ ಯೋಜನೆಯೊಂದಕ್ಕೆ ಅರ್ಜಿ ಸಿದ್ಧಪಡಿಸುವ ಅಧ್ಯಾಪಕನ ಮುಂದೆ ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳು ನಿಲ್ಲುತ್ತವೆ. ಹಣ ಎಲ್ಲಿಂದ ಬರುತ್ತದೆ, ಬೋಧನೆಯ ಹೊರೆಯ ನಡುವೆ ಬಿಡುವು ಹೇಗೆ ದೊರೆಯುತ್ತದೆ, ಕ್ಷೇತ್ರಕಾರ್ಯಕ್ಕೆ ಸಹಾಯಕರು ಯಾರು, ಫಲಿತಾಂಶವನ್ನು ಅಚ್ಚು ಹಾಕಿಸುವವರು ಯಾರು. ಕನ್ನಡ ಸಂಶೋಧನೆಯ ಮಟ್ಟಿಗೆ ಈ ಪ್ರಶ್ನೆಗಳಿಗೆ ಒಂದೂಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿ ಅವುಗಳಿಗೆ ಮೊದಲ ವ್ಯವಸ್ಥಿತ ಉತ್ತರ ದೊರೆತದ್ದು ಬೆಂಜಮಿನ್ ಲೂಯಿಸ್ ರೈಸ್ ಅವರ ಕಾರ್ಯದ ಸಂದರ್ಭದಲ್ಲಿ. ಶಾಸನ ಪಿತಾಮಹರೆಂದು ರೈಸರನ್ನು ಗೌರವಿಸುವ ಬರಹಗಳು ಅವರ ವೈಯಕ್ತಿಕ ಶ್ರಮವನ್ನು ವಿಸ್ತಾರವಾಗಿಯೇ ಹೇಳಿವೆ. ಆ ಶ್ರಮಕ್ಕೆ ಆಧಾರವಾಗಿ ನಿಂತ ಆಡಳಿತ ವ್ಯವಸ್ಥೆಯ ಕಡೆಗೆ ಹರಿದ ಗಮನ ಕಡಿಮೆ. ಅವರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ.

ರೈಸರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಯಾಗಿ ಬೆಂಗಳೂರಿನಲ್ಲಿ ನೆಲೆಸಿದವರು. ಹೀಗಾಗಿ ಕನ್ನಡದ ಪರಿಸರ ಮಗನಿಗೆ ಬಾಲ್ಯದಲ್ಲಿಯೇ ಒದಗಿತು. ಇಂಗ್ಲೆಂಡಿನಲ್ಲಿ ಶಿಕ್ಷಣ ಮುಗಿಸಿ ಮರಳಿದ ರೈಸರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲಾ ಇನ್ಸ್‌ಪೆಕ್ಟರಾಗಿ ನೇಮಕಗೊಂಡರು. 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರ ಸ್ಥಾನದಲ್ಲಿ ಹಂಗಾಮಿಯಾಗಿ ಕಾರ್ಯನಿರ್ವಹಿಸಿದಾಗ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ರೂಪಿಸಿದರು. ಸಂಸ್ಥಾನದ ಪ್ರಾಥಮಿಕ ಶಿಕ್ಷಣದ ಚರಿತ್ರೆಯಲ್ಲಿ ಈ ಯೋಜನೆಗೆ ವಿಶೇಷ ಸ್ಥಾನವಿದೆ.

ಶಾಸನಗಳೊಡನೆ ರೈಸರ ಸಂಬಂಧ ಬೆಳೆದದ್ದು ಈ ಶಾಲಾ ತಪಾಸಣೆಯ ಸಂಚಾರಗಳ ಅವಧಿಯಲ್ಲಿಯೇ. ತಾಲ್ಲೂಕು ತಾಲ್ಲೂಕುಗಳನ್ನು ಸುತ್ತುವ ಅಧಿಕಾರಿಗೆ ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಊರ ಬಾಗಿಲಿನಲ್ಲಿ ಬರೆಹದ ಕಲ್ಲುಗಳು ಎದುರಾಗುತ್ತಿದ್ದವು. ಶಾಸನಶಾಸ್ತ್ರದಲ್ಲಿ ತರಬೇತಿ ನೀಡುವ ಸಂಸ್ಥೆಯಾಗಲಿ ಪಠ್ಯಕ್ರಮವಾಗಲಿ ಆಗ ಇಲ್ಲಿ ಇರಲಿಲ್ಲ. ಲಿಪಿಯನ್ನೂ ಹಳಗನ್ನಡವನ್ನೂ ರೈಸರು ಕಲಿತದ್ದು ಕೆಲಸದ ಮೂಲಕ, ದೇಶೀಯ ಪಂಡಿತರ ನೆರವಿನಿಂದ. 1873ರಲ್ಲಿ ಅವರು ಅಮರಕೋಶವನ್ನು ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಂದಿಗೆ ಸಂಪಾದಿಸಿದ್ದು ಈ ಸಿದ್ಧತೆಯ ಒಂದು ಘಟ್ಟ.

ಶಾಸನ ಸಂಗ್ರಹದಲ್ಲಿ ಸರ್ಕಾರದ ಆಸಕ್ತಿಯೂ ಇದೇ ಕಾಲದಲ್ಲಿ ರೂಪುಗೊಂಡಿತು. ಬೌರಿಂಗ್ ಅವರು ಕಮಿಷನರಾಗಿದ್ದಾಗ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರಿನ ಹಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸರಿಗೆ ಬಂತು. ಇತರ ಶಾಸನಗಳನ್ನೂ ಸೇರಿಸಿ ಸಿದ್ಧಪಡಿಸಿದ ಆ ಅನುವಾದಗಳ ಸಂಗ್ರಹ 1879ರಲ್ಲಿ ಮೈಸೂರು ಇನ್ಸ್‌ಕ್ರಿಪ್ಷನ್ಸ್ ಎಂಬ ಗ್ರಂಥವಾಗಿ ಹೊರಬಂತು. ಇದರ ನಡುವೆ 1876ರಿಂದ 1878ರ ಅವಧಿಯಲ್ಲಿ ಮೈಸೂರು ಮತ್ತು ಕೊಡಗಿನ ಗೆಜೆಟಿಯರು ಪ್ರಕಟವಾಯಿತು. ಸಂಸ್ಥಾನವನ್ನು ಭೀಕರ ಕ್ಷಾಮ ಆವರಿಸಿದ್ದ ವರ್ಷಗಳೂ ಅವೇ. ಆಮೇಲೆ 1881ರ ಜನಗಣತಿಯ ಕೆಲಸ, ಅದರ ಬೆನ್ನಿಗೆ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿ ಹುದ್ದೆ ರೈಸರ ಪಾಲಿಗೆ ಬಂದವು. ಸೇವೆಗೆ ಸೇರಿದ ಮೊದಲ ಎರಡು ದಶಕಗಳಲ್ಲಿ ಶಾಸನಾಧ್ಯಯನ ಅವರಿಗೆ ಕಚೇರಿಯ ಹೊಣೆಗಳ ನಡುವೆ ಬಿಡುವು ಮಾಡಿಕೊಂಡು ನಡೆಸಬೇಕಾದ ಉಪವೃತ್ತಿಯಾಗಿತ್ತು. ಆ ಅವಧಿಯ ಶಾಸನಕಾರ್ಯದ ಮುಖ್ಯ ಫಲ ಮೇಲೆ ಹೇಳಿದ ಒಂದೇ ಸಂಪುಟವೆಂಬುದು ಗಮನಾರ್ಹ.

1881ರಲ್ಲಿ ಸಂಸ್ಥಾನದ ಆಡಳಿತವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಕ್ಷಾಮದ ಸಾಲದಿಂದ ಖಜಾನೆ ಇನ್ನೂ ಚೇತರಿಸಿಕೊಳ್ಳುತ್ತಿದ್ದ ದಿನಗಳವು. ಅಂಥ ಸಂದರ್ಭದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಶಾಸನಗಳ ಸಂಗ್ರಹಕ್ಕಾಗಿಯೇ ಪ್ರತ್ಯೇಕ ಪುರಾತತ್ತ್ವ ಇಲಾಖೆಯೊಂದು 1885ರಲ್ಲಿ ಅಸ್ತಿತ್ವಕ್ಕೆ ಬಂತು. ರೈಸರು ಅದರ ಮುಖ್ಯಸ್ಥರಾದರು. ಮೊದಲ ಕೆಲವು ವರ್ಷ ಇತರ ಹೊಣೆಗಳೊಂದಿಗೆ ಇದನ್ನೂ ನಿರ್ವಹಿಸಿದ ಅವರು 1890ರಿಂದ ಪೂರ್ಣಾವಧಿಯ ನಿರ್ದೇಶಕರಾಗಿ 1906ರವರೆಗೆ ದುಡಿದರು. ಒಬ್ಬ ವಿದ್ವಾಂಸನಿಗೆ ಒಂದು ಗ್ರಂಥದ ಮಟ್ಟಿಗೆ ಸಂಭಾವನೆ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಹುದ್ದೆ, ಸಿಬ್ಬಂದಿ, ಪ್ರವಾಸ, ಮುದ್ರಣ ಇವೆಲ್ಲವನ್ನೂ ಸಂಸ್ಥಾನವು ಒಂದೇ ಚೌಕಟ್ಟಿನೊಳಗೆ ತಂದಿತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಯೋಜನಾನುದಾನದಿಂದ ಸಾಂಸ್ಥಿಕ ಅನುದಾನಕ್ಕೆ ಆದ ಪಲ್ಲಟ.

ಈ ಪಲ್ಲಟದ ಪರಿಣಾಮವನ್ನು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳ ಪ್ರಕಟಣೆಯ ವರ್ಷಗಳೇ ತೋರಿಸುತ್ತವೆ. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರಲ್ಲಿಯೂ ಶ್ರವಣಬೆಳಗೊಳದ ಎರಡನೆಯ ಸಂಪುಟ 1889ರಲ್ಲಿಯೂ ಬಂದವು. ಮೂರನೆಯದು ಹೊರಬರಲು 1894ರವರೆಗೆ, ನಾಲ್ಕನೆಯದಕ್ಕೆ 1898ರವರೆಗೆ ಕಾಯಬೇಕಾಯಿತು. ಬಳಿಕ 1901ರಿಂದ 1905ರ ಒಳಗೆ ಉಳಿದ ಎಂಟು ಸಂಪುಟಗಳು ಒಂದರ ಹಿಂದೊಂದರಂತೆ ಪ್ರಕಟವಾದವು. ಹನ್ನೆರಡು ಸಂಪುಟಗಳಲ್ಲಿ ಒಟ್ಟು 8869 ಶಾಸನಗಳು ಬೆಳಕು ಕಂಡವು. ರೈಸರು ಪೂರ್ಣಾವಧಿಗೆ ಬಂದ ನಂತರದ ಮೊದಲ ಹತ್ತು ವರ್ಷಗಳಲ್ಲಿ ಅಚ್ಚಾದ ಶಾಸನ ಸಂಪುಟಗಳು ಎರಡು ಮಾತ್ರ. ವರ್ಷವರ್ಷವೂ ಪ್ರಕಟಣೆಯ ಲೆಕ್ಕ ಕೇಳುವ ಪದ್ಧತಿಯಿದ್ದಿದ್ದರೆ ಈ ದಶಕವು ನಿಷ್ಫಲವೆಂದೇ ಪರಿಗಣಿತವಾಗುತ್ತಿತ್ತು. ವಾಸ್ತವದಲ್ಲಿ ಮುಂದಿನ ಎಂಟು ಸಂಪುಟಗಳಿಗೆ ಬೇಕಾದ ಸಂಗ್ರಹಕಾರ್ಯದ ಬಹುಭಾಗ ನಡೆದದ್ದು ಆ ದಶಕದಲ್ಲಿಯೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ರೈಸರು 1892ರಲ್ಲಿ ಶೋಧಿಸಿದ್ದೂ ಎರಡು ಸಂಪುಟಗಳ ನಡುವಿನ ಇಂಥ ಮೌನದ ಅವಧಿಯಲ್ಲಿ. ಕರ್ನಾಟಕದ ಲಿಖಿತ ಇತಿಹಾಸವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಕೊಂಡೊಯ್ದ ಶೋಧವದು.

ಇದೇ ವ್ಯವಸ್ಥೆಯ ಆಶ್ರಯದಲ್ಲಿ ಪ್ರಾಚೀನ ಕನ್ನಡ ಕೃತಿಗಳ ಸಂಪಾದನೆಯೂ ನಡೆಯಿತು. ಬಿಬ್ಲಿಯೋಥೆಕ ಕರ್ನಾಟಿಕ ಮಾಲೆಯಲ್ಲಿ 1884ರಲ್ಲಿ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಕರ್ಣಾಟಕ ಶಬ್ದಾನುಶಾಸನ, 1898ರಲ್ಲಿ ಪಂಪಭಾರತ ಹೊರಬಂದವು. ಕವಿರಾಜಮಾರ್ಗವು ಕೆ.ಬಿ. ಪಾಠಕ್ ಅವರ ಸಂಪಾದನೆಯಲ್ಲಿ ಅದೇ 1898ರಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಚರಿತ್ರೆಯ ಆರಂಭಕಾಲವನ್ನು ಕುರಿತು ಮುಂದೆ ನಡೆದ ಚರ್ಚೆಗಳಿಗೆಲ್ಲ ಈ ಮುದ್ರಣಗಳು ತಳಹದಿಯಾದವು.

ಇಂಥ ಕಾರ್ಯದ ಪ್ರಯೋಜನವನ್ನು ಅರಿಯಲು ಒಂದು ಪ್ರದೇಶವನ್ನು ಹತ್ತಿರದಿಂದ ನೋಡುವುದು ಸೂಕ್ತ. 1905ರಲ್ಲಿ ಪ್ರಕಟವಾದ ಒಂಬತ್ತನೆಯ ಸಂಪುಟವು ಅಂದಿನ ಅವಿಭಜಿತ ಬೆಂಗಳೂರು ಜಿಲ್ಲೆಗೆ ಸಂಬಂಧಿಸಿದ್ದು. 1986ರಲ್ಲಿ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈಗಿನ ನಾಲ್ಕು ತಾಲ್ಲೂಕುಗಳಾದ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಮತ್ತು ಹೊಸಕೋಟೆ, ಹಾಗೂ 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟ ಮಾಗಡಿ, ಚನ್ನಪಟ್ಟಣ, ಕನಕಪುರಗಳ ಶಾಸನಗಳು ಇದರಲ್ಲಿ ಅಡಕವಾಗಿವೆ. ಪ್ರತಿ ತಾಲ್ಲೂಕಿಗೂ ಪ್ರತ್ಯೇಕ ಕ್ರಮಸಂಖ್ಯೆ ನೀಡಿ, ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದಗಳನ್ನು ಕೊಡುವ ಕ್ರಮವನ್ನು ರೈಸರು ಅನುಸರಿಸಿದರು. ನೆಲಮಂಗಲ 60 ಮತ್ತು 61ನೆಯ ಸಂಖ್ಯೆಗಳು ಮಣ್ಣೆಯಲ್ಲಿ ದೊರೆತ ತಾಮ್ರಪಟಗಳು. ಮೊದಲನೆಯದು ಗಂಗ ಮಾರಸಿಂಹನ ಕಾಲದ್ದು, ಕ್ರಿ.ಶ. 797ರದು. ಎರಡನೆಯದು ರಾಷ್ಟ್ರಕೂಟರ ಕ್ರಿ.ಶ. 802ರ ದಾನಪತ್ರ. ಮಾನ್ಯಪುರದಲ್ಲಿ ದಂಡನಾಯಕ ಶ್ರೀವಿಜಯನು ಕಟ್ಟಿಸಿದ ಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ಇವೆರಡೂ ದಾಖಲಿಸುತ್ತವೆ. ಒಂದೇ ಜಿನಾಲಯಕ್ಕೆ ಐದು ವರ್ಷಗಳ ಅಂತರದಲ್ಲಿ ಎರಡು ರಾಜವಂಶಗಳಿಂದ ಸಂದ ದತ್ತಿಗಳು ಗಂಗವಾಡಿಯಲ್ಲಿ ಅಧಿಕಾರ ಕೈಬದಲಾದ ಬಗೆಯನ್ನು ಸೂಚಿಸುತ್ತವೆ. ಇಂದು ಸಣ್ಣ ಗ್ರಾಮವಾಗಿರುವ ಮಣ್ಣೆಯು ಗಂಗರ ರಾಜಧಾನಿಯಾಗಿದ್ದುದರ ಚಿತ್ರ ಸ್ಪಷ್ಟಗೊಳ್ಳಲು ಇಂಥ ದಾಖಲೆಗಳ ಪ್ರಕಟಣೆ ಅಗತ್ಯವಾಗಿತ್ತು.

ರೈಸರ ಕಾರ್ಯಕ್ಕೆ ಮಿತಿಗಳಿಲ್ಲವೆಂದು ಹೇಳಲಾಗದು. ಅನೇಕ ಪಾಠಗಳು ಅಚ್ಚೊತ್ತಿದ ಪಡಿಯಚ್ಚಿನ ಬದಲು ಕಣ್ಣಳತೆಯ ನಕಲನ್ನು ಆಧರಿಸಿದ್ದರಿಂದ ತಪ್ಪು ಓದುಗಳು ಉಳಿದವು. ಗಂಗರ ತಾಮ್ರಶಾಸನಗಳ ಪ್ರಾಚೀನತೆಯನ್ನು ರೈಸರು ಒಪ್ಪಿದರೆ, ಜೆ.ಎಫ್. ಫ್ಲೀಟ್ ಅವುಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಿರಸ್ಕರಿಸಿದರು. ಈ ವಿವಾದವು ವಿದ್ವತ್ ವಲಯದಲ್ಲಿ ಬಹುಕಾಲ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಲು ತೊಡಗಿದ್ದರ ಹಿಂದೆ ಮೂಲಪಾಠಗಳನ್ನು ಮತ್ತೆ ಪರಿಶೀಲಿಸುವ ಅಗತ್ಯವೂ ಇತ್ತು. ತಪ್ಪುಗಳನ್ನು ತಿದ್ದುವುದಕ್ಕೂ ಮೊದಲು ಒಂದು ಪಾಠ ಕೈಯಲ್ಲಿರಬೇಕೆಂಬುದನ್ನು ಈ ಪರಿಷ್ಕರಣೆಯೇ ಸೂಚಿಸುತ್ತದೆ.

ಇನ್ನೂ ಗಂಭೀರವಾದ ಪ್ರಶ್ನೆ ಶ್ರಮದ ಮನ್ನಣೆಗೆ ಸಂಬಂಧಿಸಿದ್ದು. ಊರೂರು ಅಲೆದು ಕಲ್ಲುಗಳನ್ನು ಹುಡುಕಿ, ತೊಳೆದು, ಅಕ್ಷರಗಳನ್ನು ನಕಲು ಮಾಡಿ ತಂದವರಲ್ಲಿ ಇಲಾಖೆಯ ಪಂಡಿತರ ಪಾಲು ದೊಡ್ಡದು. ಹಳಗನ್ನಡ ಮತ್ತು ಸಂಸ್ಕೃತದ ಕ್ಲಿಷ್ಟ ಭಾಗಗಳ ಅರ್ಥನಿರ್ಣಯದಲ್ಲಿಯೂ ಅವರ ಪಾಂಡಿತ್ಯ ಬಳಕೆಯಾಗಿದೆ. ಆದರೆ ಸಂಪುಟಗಳನ್ನು ಉಲ್ಲೇಖಿಸುವಾಗ ಇಂದಿಗೂ ನೆನಪಾಗುವುದು ಸಂಪಾದಕರ ಹೆಸರೊಂದೇ. ವಸಾಹತು ಕಾಲದ ಆಡಳಿತದಲ್ಲಿ ಹುದ್ದೆಯ ಶ್ರೇಣಿಯೇ ಕರ್ತೃತ್ವವನ್ನೂ ನಿರ್ಧರಿಸುತ್ತಿತ್ತು. ಯೋಜನಾ ಸಹಾಯಕರ ದುಡಿಮೆಯ ಮೇಲೆ ನಿಂತ ಇಂದಿನ ಸಂಶೋಧನಾ ವರದಿಗಳ ಸಂದರ್ಭದಲ್ಲಿಯೂ ಈ ಪ್ರಶ್ನೆ ಪೂರ್ತಿಯಾಗಿ ಇತ್ಯರ್ಥವಾಗಿದೆಯೆಂದು ಹೇಳುವುದು ಕಷ್ಟ.

ಹೀಗಿದ್ದರೂ ಇಲಾಖೆಯ ರಚನೆಯೊಳಗೆ ಸ್ಥಳೀಯ ವಿದ್ವಾಂಸರು ಬೆಳೆಯಲು ಅವಕಾಶವಾಯಿತೆಂಬುದೂ ನಿಜ. ರೈಸರ ಕೈಕೆಳಗೆ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ನಿರ್ದೇಶಕ ಸ್ಥಾನಕ್ಕೆ ಬಂದರು. ಶಾಸನಗಳ ಮತ್ತು ಹಸ್ತಪ್ರತಿಗಳ ನಿಕಟ ಪರಿಚಯ ಅವರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಿಗೆ ಬಲ ನೀಡಿತು. ಅವುಗಳಲ್ಲಿ ಮೊದಲನೆಯದು 1907ರಲ್ಲಿ ಹೊರಬಂತು. ಅವರ ನಂತರ ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಇದೇ ಹುದ್ದೆಯನ್ನು ನಿರ್ವಹಿಸಿದರು. ಹಲ್ಮಿಡಿ ಶಾಸನವು ವಿದ್ವತ್ ಲೋಕಕ್ಕೆ ಪರಿಚಯವಾದದ್ದು ಕೃಷ್ಣ ಅವರ ಕಾಲದಲ್ಲಿ, ಇಲಾಖೆಯ 1936ರ ವಾರ್ಷಿಕ ವರದಿಯ ಮೂಲಕ. ವೃತ್ತಿಪರ ತರಬೇತಿಯ ಕೇಂದ್ರಗಳಿಲ್ಲದ ಕಾಲದಲ್ಲಿ ಇಲಾಖೆಯೇ ಮೂರು ತಲೆಮಾರುಗಳಿಗೆ ತರಬೇತಿಯ ನೆಲೆಯಾಯಿತು.

ನಿವೃತ್ತಿಯ ನಂತರ ರೈಸರು ಇಂಗ್ಲೆಂಡಿಗೆ ತೆರಳಿದರು. ತಮ್ಮ ಜೀವಮಾನದ ಸಂಗ್ರಹದ ಸಾರವನ್ನು 1909ರಲ್ಲಿ ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಇತಿಹಾಸವೆಂಬ ಗ್ರಂಥವಾಗಿ ಕೊಟ್ಟರು. 1927ರಲ್ಲಿ ಹ್ಯಾರೋ ಪಟ್ಟಣದಲ್ಲಿ, ತೊಂಬತ್ತರ ಅಂಚಿನಲ್ಲಿ ಅವರು ನಿಧನರಾದರು.

ಅವರು ದಾಖಲಿಸಿದ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ. ನಗರದ ವಿಸ್ತರಣೆ, ರಸ್ತೆ ಅಗಲೀಕರಣ, ಬಡಾವಣೆಗಳ ನಿರ್ಮಾಣ ಇವು ಬೆಂಗಳೂರಿನ ಸುತ್ತಿನ ತಾಲ್ಲೂಕುಗಳ ಸ್ವರೂಪವನ್ನೇ ಬದಲಿಸಿವೆ. 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ದೇವನಹಳ್ಳಿಯ ಪರಿಸರದಲ್ಲಿ ಈ ಬದಲಾವಣೆ ತೀವ್ರಗೊಂಡಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯು ಇತ್ತೀಚಿನ ವರ್ಷಗಳಲ್ಲಿ ಈ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಕೆಲಸದಲ್ಲಿ ತೊಡಗಿದಾಗ, ಯಾವ ಊರಿನಲ್ಲಿ ಯಾವ ಕಲ್ಲಿತ್ತೆಂದು ತಿಳಿಯಲು ಒಂಬತ್ತನೆಯ ಸಂಪುಟವು ಮುಖ್ಯ ಆಕರಗಳಲ್ಲೊಂದಾಗಿದೆ. ಮೂಲ ಕಲ್ಲು ನಾಶವಾದ ಕಡೆಗಳಲ್ಲಿ 1905ರ ಮುದ್ರಿತ ಪಾಠವೇ, ಅದರ ದೋಷಗಳೊಂದಿಗೆ, ಉಳಿದಿರುವ ಸಾಕ್ಷ್ಯ. ಎರಡು ಅಥವಾ ಮೂರು ವರ್ಷಗಳ ಮಿತಿಯಲ್ಲಿ ರೂಪಿಸುವ ಯೋಜನೆಗಳಿಂದ ಇಂಥ ಆಕರ ನಿರ್ಮಾಣ ಸಾಧ್ಯವಾಗುವುದು ದುರ್ಲಭ. ಸಾಲದ ಹೊರೆಯಲ್ಲಿದ್ದ ಸಂಸ್ಥಾನವೊಂದು ತಕ್ಷಣದ ಫಲವನ್ನು ನಿರೀಕ್ಷಿಸದೆ ಎರಡು ದಶಕಗಳ ಕಾಲ ವೆಚ್ಚವನ್ನು ಭರಿಸಿದ್ದರಿಂದಲೇ ರೈಸರ ವಿದ್ವತ್ತು ಹನ್ನೆರಡು ಸಂಪುಟಗಳ ರೂಪವನ್ನು ಪಡೆಯಿತು ಎಂದು ಅಭಿಪ್ರಾಯಪಡಬಹುದು.